ತಪ್ಪಿಗೂ ಒಂದು ಅಂಕಣವಿರುವ ಆಟ

ಕ್ರಿಕೆಟ್ಟಿನ ಸ್ಕೋರ್ ಪುಸ್ತಕದಲ್ಲಿ ಕೈಚೆಲ್ಲಿದ ಕ್ಯಾಚಿಗೆ ಜಾಗವಿಲ್ಲ. ಕಾಲೇಜಿನ ದಿನಗಳಲ್ಲಿ ತಾಲ್ಲೂಕು ಮಟ್ಟದ ಪಂದ್ಯಗಳಿಗೆ ನಾನು ಸ್ಕೋರ್ ಬರೆಯುತ್ತಿದ್ದೆ. ಬೌಂಡರಿ ಗೆರೆಯಾಚೆ ಹುಣಸೆಮರದ ಕೆಳಗೆ ಶಾಲೆಯಿಂದ ಹೊತ್ತು ತಂದ ಒಂದು ಬೆಂಚು, ಎರಡು ಬಣ್ಣದ ಪೆನ್ನು, ಉದ್ದನೆಯ ಪುಸ್ತಕ. ಆರು ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿ ಮೇಡನ್ ಓವರಿನ 'ಎಂ' ಮಾಡುವಾಗ ಆಗುತ್ತಿದ್ದ ಸಂತೋಷ ಇಂದಿಗೂ ಬೆರಳುಗಳಿಗೆ ನೆನಪಿದೆ. ಆದರೆ ಹನ್ನೆರಡು ರನ್ ಆಗಿದ್ದಾಗ ಸ್ಲಿಪ್ಪಿನಲ್ಲಿ ಜೀವದಾನ ಪಡೆದವನು ಮುಂದೆ ತೊಂಬತ್ತು ಹೊಡೆದರೆ ಪುಸ್ತಕದಲ್ಲಿ ಉಳಿಯುತ್ತಿದ್ದುದು ತೊಂಬತ್ತು ಮಾತ್ರ. ಕ್ಯಾಚ್ ಬಿಟ್ಟವನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಬೌಲರನಿಗೆ ಆದ ನಷ್ಟವೂ ಕಾಣುತ್ತಿರಲಿಲ್ಲ. ಸಂಜೆ ಚಹಾ ಕುಡಿಯುವಾಗ ಅದೊಂದು ಮಾತಾಗಿ, ಮರುದಿನಕ್ಕೆ ಮರೆತುಹೋಗುತ್ತಿತ್ತು.

2024ರ ಜೂನ್ ತಿಂಗಳಲ್ಲಿ ಅಣ್ಣನ ಮಗಳ ಮನೆಗೆಂದು ಅಮೆರಿಕದ ಪಿಟ್ಸ್‌ಬರ್ಗಿಗೆ ಹೋಗಿದ್ದೆ. ನಮ್ಮಲ್ಲಿ ಅನೇಕರಿಗೆ ಆ ಊರಿನ ಪರಿಚಯವಿರುವುದು ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನದಿಂದ. ನಾವೂ ಬೆಳಿಗ್ಗೆ ಅಲ್ಲಿಗೆ ಹೋಗಿ ಪ್ರಸಾದ ತೆಗೆದುಕೊಂಡು ಬಂದು, ಸಂಜೆ ಅಲಿಗೇನಿ ನದಿಯ ದಂಡೆಯಲ್ಲಿರುವ ಪಿಎನ್‌ಸಿ ಪಾರ್ಕಿನಲ್ಲಿ ಪೈರೇಟ್ಸ್ ತಂಡದ ಬೇಸ್‌ಬಾಲ್ ಪಂದ್ಯ ನೋಡಲು ಕುಳಿತೆವು. ನನ್ನ ಪಕ್ಕದ ಆಸನದಲ್ಲಿ ಎಪ್ಪತ್ತೈದರ ಆಸುಪಾಸಿನ ಒಬ್ಬ ಹಿರಿಯರಿದ್ದರು. ಅವರ ತೊಡೆಯ ಮೇಲೆ ತೆಳುವಾದ ಹಲಗೆ, ಅದಕ್ಕೆ ಕ್ಲಿಪ್ಪು ಹಾಕಿದ ಅಚ್ಚಿನ ಹಾಳೆ, ಕೈಯಲ್ಲಿ ಚೂಪು ಮಾಡಿದ ಪೆನ್ಸಿಲ್. ಮೈದಾನದಲ್ಲಿ ಏನೇ ನಡೆದರೂ ಅವರ ಕಣ್ಣು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಪಂದ್ಯಕ್ಕಿಂತ ಹೆಚ್ಚಾಗಿ ನಾನು ಅವರ ಕೈಯನ್ನೇ ನೋಡುತ್ತಿದ್ದೇನೆಂಬುದು ಎರಡನೆಯ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಅವರಿಗೆ ತಿಳಿಯಿತು. ನಾನೂ ಒಂದು ಕಾಲದಲ್ಲಿ ಸ್ಕೋರರ್ ಆಗಿದ್ದೆನೆಂದು ಹೇಳಿದಾಗ ಅವರು ಚೀಲದಿಂದ ಇನ್ನೊಂದು ಹಾಳೆ ತೆಗೆದು, ಮತ್ತೊಂದು ಪೆನ್ಸಿಲ್ ಜೊತೆಗೆ ನನ್ನ ಕೈಗಿಟ್ಟರು.

ಆ ಹಾಳೆಯ ವಿನ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಡಗಡೆ ಒಂಬತ್ತು ಬ್ಯಾಟರ್‌ಗಳ ಹೆಸರು, ಮೇಲ್ಗಡೆ ಒಂಬತ್ತು ಇನ್ನಿಂಗ್ಸುಗಳ ಸಂಖ್ಯೆ. ಎರಡೂ ಕೂಡುವಲ್ಲಿ ಒಂದು ಚೌಕ, ಚೌಕದೊಳಗೆ ಮೈದಾನದ ನಾಲ್ಕು ಬೇಸುಗಳನ್ನು ಸೂಚಿಸುವ ವಜ್ರಾಕಾರದ ಸಣ್ಣ ಗುರುತು. ಬ್ಯಾಟರ್ ಮೊದಲ ಬೇಸ್ ತಲುಪಿದರೆ ಆ ವಜ್ರದ ಒಂದು ಅಂಚನ್ನು ತಿದ್ದಬೇಕು. ಸುತ್ತು ಮುಗಿಸಿ ಮನೆಗೆ ಬಂದರೆ ವಜ್ರವನ್ನು ಪೂರ್ತಿ ತುಂಬಿಸಬೇಕು, ಅದೇ ಒಂದು ರನ್. ಫೀಲ್ಡರುಗಳಿಗೆ ಹೆಸರಿನ ಬದಲು ಸಂಖ್ಯೆ: ಚೆಂಡೆಸೆಯುವ ಪಿಚರ್ 1, ಬ್ಯಾಟರನ ಹಿಂದೆ ಕುಳಿತು ಹಿಡಿಯುವ ಕ್ಯಾಚರ್ 2, ಮೊದಲ ಬೇಸಿನವನು 3, ಎರಡನೆಯವನು 4, ಮೂರನೆಯವನು 5, ಎರಡನೆಯ ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಮೈದಾನದಲ್ಲಿ ಎಡದಿಂದ ಬಲಕ್ಕೆ 7, 8, 9. ಹೀಗಾಗಿ "6-4-3" ಎಂದು ಬರೆದರೆ ಬ್ಯಾಟರ್ ಹೊಡೆದ ಚೆಂಡನ್ನು ಶಾರ್ಟ್‌ಸ್ಟಾಪ್ ಹಿಡಿದು ಎರಡನೆಯ ಬೇಸಿಗೆ ಎಸೆದು, ಅಲ್ಲಿಂದ ಅದು ಮೊದಲ ಬೇಸಿಗೆ ಹಾರಿ, ಒಂದೇ ಎಸೆತದಲ್ಲಿ ಇಬ್ಬರು ಔಟಾದರೆಂಬ ಇಡೀ ಕತೆ ಮೂರು ಅಂಕಿಗಳಲ್ಲಿ ಮುಗಿಯುತ್ತದೆ. ಮೂರು ಸ್ಟ್ರೈಕುಗಳಿಗೆ, ಅಂದರೆ ಬೀಸಿ ತಪ್ಪಿದ ಅಥವಾ ಆಡದೆ ಬಿಟ್ಟ ಒಳ್ಳೆಯ ಎಸೆತಗಳಿಗೆ, ಔಟಾದವನಿಗೆ ಇಂಗ್ಲಿಷಿನ 'ಕೆ' ಅಕ್ಷರ. ಮೂರನೆಯ ಸ್ಟ್ರೈಕಿಗೆ ಬ್ಯಾಟ್ ಬೀಸದೆ ಸುಮ್ಮನೆ ನಿಂತು ಔಟಾದವನಿಗೆ ಅದೇ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ.

ಶಾರ್ಟ್‌ಸ್ಟಾಪಿನ ಕೈಗವಸಿಗೆ ತಗುಲಿ ಚೆಂಡು ಜಾರಿದರೆ 'ಇ-6'. 'ಇ' ಎಂದರೆ ಎರರ್, ತಪ್ಪು. ಕ್ರೀಡಾಂಗಣದ ದೊಡ್ಡ ಸ್ಕೋರ್ ಬೋರ್ಡಿನ ಕೊನೆಯಲ್ಲಿ ಪ್ರತಿ ತಂಡಕ್ಕೂ ಮೂರು ಅಂಕಣಗಳಿರುತ್ತವೆ: ರನ್, ಹಿಟ್, ತಪ್ಪು. ಸಾವಿರಾರು ಜನರ ಎದುರು, ರನ್ನುಗಳಷ್ಟೇ ದೊಡ್ಡ ಅಕ್ಷರದಲ್ಲಿ, ತಂಡ ಮಾಡಿದ ತಪ್ಪುಗಳ ಸಂಖ್ಯೆ ಬೆಳಗುತ್ತಿರುತ್ತದೆ. ಅದನ್ನು ನಿರ್ಧರಿಸುವವರು ಅಂಪೈರುಗಳಲ್ಲ. ಪತ್ರಕರ್ತರ ಗ್ಯಾಲರಿಯಲ್ಲಿ ಕುಳಿತ ಅಧಿಕೃತ ಸ್ಕೋರರ್. ಸಾಮಾನ್ಯ ಪ್ರಯತ್ನದಿಂದ ಹಿಡಿಯಬಹುದಾಗಿದ್ದ ಚೆಂಡನ್ನು ಹಿಡಿಯದಿದ್ದರೆ ಅದು ತಪ್ಪು. ಅಸಾಧಾರಣ ಪ್ರಯತ್ನ ಬೇಕಾಗಿದ್ದರೆ ತಪ್ಪಲ್ಲ, ಅದು ಬ್ಯಾಟರನ ಹಿಟ್, ಅಂದರೆ ತನ್ನ ಹೊಡೆತದಿಂದಲೇ ಅವನು ಬೇಸ್ ತಲುಪಿದ್ದು. ತಪ್ಪಿನಿಂದಾಗಿ ಬಂದ ರನ್ನನ್ನು ಪಿಚರನ ಲೆಕ್ಕಕ್ಕೆ ಹಾಕುವುದಿಲ್ಲ. ತಂಡ ಸೋತರೂ ಅವನ ಸರಾಸರಿಗೆ ಆ ಮಸಿ ತಗಲುವುದಿಲ್ಲ. ಹುಣಸೆಮರದ ಕೆಳಗೆ ಕುಳಿತು ಎಷ್ಟೋ ಬೌಲರುಗಳ ಪರವಾಗಿ ನನಗೆ ಬರೆಯಬೇಕೆನಿಸಿದ್ದ, ಬರೆಯಲು ಜಾಗವಿಲ್ಲದಿದ್ದ ಮಾತು ಇಲ್ಲಿ ನಿಯಮವಾಗಿಯೇ ಇತ್ತು.

ಈ ಲೆಕ್ಕದ ಪದ್ಧತಿಗೆ ಆಕಾರ ಕೊಟ್ಟ ಹೆನ್ರಿ ಚಾಡ್ವಿಕ್ ಕ್ರಿಕೆಟ್ ವರದಿಗಾರರಾಗಿದ್ದರೆಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಇಂಗ್ಲೆಂಡಿನ ಎಕ್ಸೆಟರಿನಲ್ಲಿ 1824ರಲ್ಲಿ ಹುಟ್ಟಿ, 1837ರಲ್ಲಿ ಮನೆಯವರೊಂದಿಗೆ ಬ್ರೂಕ್ಲಿನ್ನಿಗೆ ಬಂದವರು. ಆಗಿನ ನ್ಯೂಯಾರ್ಕಿನಲ್ಲಿ ಕ್ರಿಕೆಟ್ ಅಪರಿಚಿತ ಆಟವೇನೂ ಆಗಿರಲಿಲ್ಲ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ನಡೆದದ್ದು 1844ರಲ್ಲಿ, ಅದೇ ನ್ಯೂಯಾರ್ಕಿನಲ್ಲಿ, ಅಮೆರಿಕ ಮತ್ತು ಕೆನಡಾ ನಡುವೆ; ಕೆನಡಾ 23 ರನ್ನುಗಳಿಂದ ಗೆದ್ದಿತು. 1856ರಲ್ಲಿ ಒಂದು ದಿನ ಹೊಬೋಕನ್ನಿನಲ್ಲಿ ಕ್ರಿಕೆಟ್ ಪಂದ್ಯದ ವರದಿ ಮುಗಿಸಿಕೊಂಡು ಹಿಂದಿರುಗುವಾಗ ಚಾಡ್ವಿಕ್ ಪಕ್ಕದ ಎಲಿಶಿಯನ್ ಫೀಲ್ಡ್ಸ್ ಬಯಲಿನಲ್ಲಿ ಎರಡು ಬೇಸ್‌ಬಾಲ್ ಕ್ಲಬ್ಬುಗಳ ಆಟ ಕಂಡು ನಿಂತರು. ಅಮೆರಿಕದವರ ಸ್ವಭಾವಕ್ಕೆ ಹೊಂದುವ ಆಟ ಇದೇ ಎಂದು ಅವರಿಗೆ ಅಂದು ಅನಿಸಿತು. ಆಮೇಲೆ ಐವತ್ತು ವರ್ಷ ಅವರು ಅದರ ಲೆಕ್ಕ ಬರೆದರು. ಕ್ರಿಕೆಟ್ಟಿನ ಸ್ಕೋರ್ ಪಟ್ಟಿಯ ಮಾದರಿಯಲ್ಲಿ ಪತ್ರಿಕೆಗಳಲ್ಲಿ ಬರುತ್ತಿದ್ದ ಬೇಸ್‌ಬಾಲ್ ಪಟ್ಟಿಯನ್ನು ತಿದ್ದಿ ಬೆಳೆಸಿದರು. ಯಾರು ಎಷ್ಟು ಹೊಡೆದರೆಂಬುದರ ಜೊತೆಗೆ ಯಾರು ಎಷ್ಟು ಹಿಡಿದರು, ಎಷ್ಟು ಬಿಟ್ಟರು ಎಂಬುದನ್ನೂ ಸೇರಿಸಿದರು. 'ಕೆ' ಅಕ್ಷರವೂ ಅವರದೇ. 'ಸ್ಟ್ರಕ್' ಎಂಬ ಪದದಲ್ಲಿ ಕಿವಿಗೆ ಗಟ್ಟಿಯಾಗಿ ಬೀಳುವುದು ಕೊನೆಯ ಅಕ್ಷರವಾದ್ದರಿಂದ ಅದನ್ನೇ ಆರಿಸಿಕೊಂಡರು.

ಹೆನ್ರಿಯವರ ಮಲ ಅಣ್ಣ ಎಡ್ವಿನ್ ಚಾಡ್ವಿಕ್. ಬ್ರಿಟನ್ನಿನ ಬಡ ಕಾರ್ಮಿಕರ ಕೇರಿಗಳಲ್ಲಿ ಯಾರು ಎಷ್ಟನೆಯ ವಯಸ್ಸಿಗೆ ಸಾಯುತ್ತಿದ್ದಾರೆಂದು ಲೆಕ್ಕ ಹಾಕಿ, ಕೊಳಚೆಗೂ ಸಾವಿಗೂ ಇರುವ ನಂಟನ್ನು 1842ರ ವರದಿಯಲ್ಲಿ ತೋರಿಸಿ, ಸಾರ್ವಜನಿಕ ನೈರ್ಮಲ್ಯದ ಕಾನೂನಿಗೆ ದಾರಿ ಮಾಡಿದವರು ಅವರೇ. ಎಣಿಸಿ ಬರೆದರೆ ಮಾತ್ರ ಕಣ್ಣಿಗೆ ಕಾಣುವ ಸಂಗತಿಗಳಿವೆ ಎಂಬ ನಂಬಿಕೆ ಆ ಮನೆಯಲ್ಲಿಯೇ ಇತ್ತೆಂದು ತೋರುತ್ತದೆ. ಒಬ್ಬರು ಅದನ್ನು ಕೇರಿಗೆ ಒಯ್ದರು, ಇನ್ನೊಬ್ಬರು ಮೈದಾನಕ್ಕೆ.

ಚಾಡ್ವಿಕ್ ಬದುಕಿದ್ದಾಗಲೇ ಈ ಆಟದ ಹುಟ್ಟಿನ ಲೆಕ್ಕವನ್ನು ತಪ್ಪಾಗಿ ಬರೆಯಲಾಯಿತು. ಬೇಸ್‌ಬಾಲ್ ಇಂಗ್ಲೆಂಡಿನ ಮಕ್ಕಳ 'ರೌಂಡರ್ಸ್' ಆಟದಿಂದ ಬೆಳೆದದ್ದೆಂದು ಅವರು ಹೇಳುತ್ತಿದ್ದರು. ಕ್ರೀಡಾ ಸಾಮಗ್ರಿಗಳ ಉದ್ಯಮಿಯೂ ಹಳೆಯ ಪಿಚರೂ ಆಗಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ಅದು ಸಹಿಸದ ಮಾತು; ಇದು ಅಪ್ಪಟ ಅಮೆರಿಕದ್ದೇ ಆಗಬೇಕು. 1905ರಲ್ಲಿ ಅವರ ಪ್ರೇರಣೆಯಿಂದ ಒಂದು ಸಮಿತಿ ಏರ್ಪಟ್ಟಿತು. ಡೆನ್ವರಿನ ವೃದ್ಧ ಗಣಿ ಎಂಜಿನಿಯರ್ ಒಬ್ಬರು ಬರೆದ ಪತ್ರವನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು, ಅಂತರ್ಯುದ್ಧದ ಸೇನಾನಿ ಆಬ್ನರ್ ಡಬಲ್‌ಡೇ 1839ರಲ್ಲಿ ಕೂಪರ್ಸ್‌ಟೌನ್ ಎಂಬ ಹಳ್ಳಿಯಲ್ಲಿ ಈ ಆಟವನ್ನು ಕಂಡುಹಿಡಿದರೆಂದು ಸಮಿತಿ 1907ರ ಕೊನೆಯಲ್ಲಿ ತೀರ್ಮಾನಿಸಿತು. ಡಬಲ್‌ಡೇ 1839ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ವಿದ್ಯಾರ್ಥಿ. 1893ರಲ್ಲಿ ತೀರಿಕೊಳ್ಳುವ ತನಕ ಅವರು ಬರೆದದ್ದು ಬಹಳ. ಬೇಸ್‌ಬಾಲನ್ನು ತಾನು ಕಂಡುಹಿಡಿದೆನೆಂದು ಎಲ್ಲಿಯೂ ಹೇಳಿಕೊಳ್ಳಲಿಲ್ಲ. 1744ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಮಕ್ಕಳ ಪುಸ್ತಕವೊಂದರಲ್ಲಿಯೇ 'ಬೇಸ್‌ಬಾಲ್' ಎಂಬ ಹೆಸರಿದೆ. ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡ್ ಊರಿನವರು 1791ರಲ್ಲಿ ಹೊಸ ಸಭಾಭವನದ ಕಿಟಕಿಗಳು ಒಡೆಯದಿರಲೆಂದು ಅದರಿಂದ 80 ಗಜದೊಳಗೆ ಬೇಸ್‌ಬಾಲ್ ಆಡಬಾರದೆಂದು ಕಟ್ಟಳೆ ಮಾಡಿದ್ದರು. ಗಾಜು ಒಡೆದೀತೆಂಬ ಚಿಂತೆಯಲ್ಲಿ ಬರೆದ ಆ ಒಂದು ಸಾಲು, ದೇಶಾಭಿಮಾನದಲ್ಲಿ ಬರೆದ ವರದಿಗಿಂತ ನನಗೆ ಹೆಚ್ಚು ಪ್ರೀತಿಯದು. ಆದರೂ 1939ರಲ್ಲಿ, ಆ ಕಾಲ್ಪನಿಕ ಜನ್ಮದ ನೂರನೆಯ ವರ್ಷಕ್ಕೆ, ಆಟದ ಶ್ರೇಷ್ಠರನ್ನು ಸದಸ್ಯರಾಗಿ ಸೇರಿಸಿ ಗೌರವಿಸುವ ಬೇಸ್‌ಬಾಲ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯ ಕೂಪರ್ಸ್‌ಟೌನಿನಲ್ಲಿಯೇ ಉದ್ಘಾಟನೆಯಾಯಿತು. ಡಬಲ್‌ಡೇಯವರಿಗೆ ಅಲ್ಲಿ ಸದಸ್ಯರ ಫಲಕವಿಲ್ಲ. ಚಾಡ್ವಿಕ್ ಅವರಿಗೆ ಇದೆ.

ಬರೆಯುವವನ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆಂಬುದು 1910ರ ಋತುವಿನ ಕೊನೆಯಲ್ಲಿ ಎಲ್ಲರಿಗೂ ಕಂಡಿತು. ಆ ವರ್ಷ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಪಡೆದವನಿಗೆ ಚಾಮರ್ಸ್ ಕಂಪನಿ ಒಂದು ಕಾರಿನ ಬಹುಮಾನ ಇಟ್ಟಿತ್ತು. ಡೆಟ್ರಾಯಿಟ್ಟಿನ ಟೈ ಕಾಬ್ ಮತ್ತು ಕ್ಲೀವ್‌ಲ್ಯಾಂಡಿನ ನ್ಯಾಪ್ ಲಾಜೊವೇ ನಡುವೆ ಕೂದಲೆಳೆಯ ಅಂತರ. ಮುನ್ನಡೆ ಕಾಪಾಡಿಕೊಳ್ಳಲು ಕಾಬ್ ಕೊನೆಯ ಎರಡು ಪಂದ್ಯಗಳಲ್ಲಿ ಆಡಲಿಲ್ಲ. ಅತ್ತ ಸೇಂಟ್ ಲೂಯಿಸ್‌ನಲ್ಲಿ, ಕಾಬ್ ಬಗ್ಗೆ ಒಲವಿಲ್ಲದ ಎದುರಾಳಿ ತಂಡದ ವ್ಯವಸ್ಥಾಪಕ, ಲಾಜೊವೇ ಬ್ಯಾಟ್ ಮಾಡುವಾಗ ಮೂರನೆಯ ಬೇಸಿನ ಹುಡುಗನನ್ನು ತೀರ ಹಿಂದೆ ನಿಲ್ಲಿಸಿದ. ಲಾಜೊವೇ ಹೆಚ್ಚಿನ ಸಲ ಚೆಂಡನ್ನು ಮೆಲ್ಲಗೆ ಆ ಬದಿಗೆ ತಟ್ಟಿ ಓಡುತ್ತ ಒಂದೇ ದಿನ ಎಂಟು ಹಿಟ್ ಪಡೆದರು. ಇನ್ನೊಂದನ್ನು ಸ್ಕೋರರ್ ಹಿಟ್ ಎಂದು ಬರೆಯಲಿಲ್ಲ. ಅದನ್ನು ಬದಲಿಸಿ ಬರೆದರೆ ಒಂದು ಹೊಸ ಸೂಟು ಹೊಲಿಸಿಕೊಡುವುದಾಗಿ ಆ ತಂಡದ ತರಬೇತುದಾರ ಚೀಟಿ ಕಳಿಸಿದ. ಸ್ಕೋರರ್ ಬದಲಿಸಲಿಲ್ಲ. ವ್ಯವಸ್ಥಾಪಕ, ತರಬೇತುದಾರ ಇಬ್ಬರೂ ಕೆಲಸ ಕಳೆದುಕೊಂಡರು. ಸರಾಸರಿ ಕಾಬ್ ಅವರದೇ ಹೆಚ್ಚೆಂದು ಘೋಷಣೆಯಾಯಿತು, ಕಂಪನಿ ಇಬ್ಬರಿಗೂ ಕಾರು ಕೊಟ್ಟಿತು. ಕಾಬ್ ಅವರ ಒಂದು ಪಂದ್ಯವನ್ನು ಲೀಗಿನ ಲೆಕ್ಕದ ಪುಸ್ತಕದಲ್ಲಿ ಎರಡು ಸಲ ಬರೆಯಲಾಗಿತ್ತೆಂಬುದನ್ನು ಸಂಶೋಧಕರು ಪ್ರಕಟಿಸಿದ್ದು 1981ರಲ್ಲಿ, ಎಪ್ಪತ್ತು ವರ್ಷಗಳ ನಂತರ. ಸೂಟಿನ ಆಸೆಗೆ ಬಗ್ಗದೆ ಪತ್ರಕರ್ತರ ಗ್ಯಾಲರಿಯಲ್ಲಿ ಕುಳಿತಿದ್ದ ಆ ಮನುಷ್ಯನನ್ನು ನಾನು ಗೌರವದಿಂದ ನೆನೆಯುತ್ತೇನೆ.

ಬರೆದ ತಪ್ಪನ್ನು ತಿದ್ದಬೇಕೇ, ಬೇಡವೇ ಎಂಬ ಪ್ರಶ್ನೆ ನಮ್ಮ ಕಾಲದಲ್ಲಿ ಮತ್ತೆ ಎದ್ದಿತು. ಎದುರಾಳಿ ತಂಡದ 27 ಬ್ಯಾಟರುಗಳಲ್ಲಿ ಒಬ್ಬನೂ ಮೊದಲ ಬೇಸ್ ತಲುಪದಂತೆ ಪಂದ್ಯ ಮುಗಿಸುವುದಕ್ಕೆ 'ಪರ್ಫೆಕ್ಟ್ ಗೇಮ್' ಎನ್ನುತ್ತಾರೆ. 1880ರಿಂದ 2023ರ ವರೆಗೆ ಆದದ್ದು 24 ಮಾತ್ರ. 2010ರ ಜೂನ್ 2ರಂದು ಡೆಟ್ರಾಯಿಟ್ಟಿನಲ್ಲಿ ವೆನೆಜುವೆಲಾದ ಅರ್ಮಾಂಡೊ ಗಲಾರಾಗಾ ಎಂಬ ಪಿಚರ್ 26 ಮಂದಿಯನ್ನು ಸಾಲಾಗಿ ಔಟ್ ಮಾಡಿದ್ದರು. 27ನೆಯವನು ಹೊಡೆದ ಚೆಂಡನ್ನು ಹಿಡಿದು ಮೊದಲ ಬೇಸಿನತ್ತ ಎಸೆಯಲಾಯಿತು. ಅಲ್ಲಿಗೆ ಓಡಿಬಂದ ಗಲಾರಾಗಾ ಸ್ವತಃ ಅದನ್ನು ಹಿಡಿದು ಬೇಸ್ ಮೆಟ್ಟಿದರು. ಓಟಗಾರ ಇನ್ನೂ ಒಂದು ಹೆಜ್ಜೆ ಹಿಂದಿದ್ದ. ಆದರೆ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿ ಅವನು ಸುರಕ್ಷಿತನೆಂದು ತೀರ್ಪಿತ್ತರು. ಗಲಾರಾಗಾ ಜಗಳವಾಡಲಿಲ್ಲ, ಒಂದು ಮುಗುಳ್ನಗೆ ನಕ್ಕು ಹಿಂದಿರುಗಿ ಹೋಗಿ ಮುಂದಿನವನನ್ನು ಔಟ್ ಮಾಡಿದರು. ಪಂದ್ಯ ಮುಗಿದ ಮೇಲೆ ವಿಡಿಯೊ ನೋಡಿದ ಜಾಯ್ಸ್ ತಾನು ಆ ಹುಡುಗನ ಸಾಧನೆಯನ್ನು ಕಸಿದುಕೊಂಡೆನೆಂದು ಎಲ್ಲರೆದುರು ಒಪ್ಪಿಕೊಂಡು, ಗಲಾರಾಗಾ ಅವರನ್ನು ಕಂಡು ಕಣ್ಣೀರಿಟ್ಟು ಕ್ಷಮೆ ಕೇಳಿದರು. ಮರುದಿನ ಪಂದ್ಯಕ್ಕೆ ಮೊದಲು ತಂಡದ ಪಟ್ಟಿಯನ್ನು ಅಂಪೈರಿಗೆ ಒಪ್ಪಿಸಲು ಡೆಟ್ರಾಯಿಟ್ ತಂಡ ಕಳಿಸಿದ್ದು ಗಲಾರಾಗಾ ಅವರನ್ನೇ. ಪಟ್ಟಿ ತೆಗೆದುಕೊಳ್ಳುವಾಗ ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಇಡೀ ಕ್ರೀಡಾಂಗಣ ನೋಡಿತು.

ತೀರ್ಪನ್ನು ಹಿಂದಿನಿಂದ ಬದಲಿಸಬೇಕೆಂಬ ಒತ್ತಾಯ ಬಂದರೂ ಬೇಸ್‌ಬಾಲ್ ಆಯುಕ್ತರು ಒಪ್ಪಲಿಲ್ಲ. ವಿಡಿಯೊ ಮರುಪರಿಶೀಲನೆಯನ್ನು 2014ರಿಂದ ಇಂಥ ತೀರ್ಪುಗಳಿಗೂ ವಿಸ್ತರಿಸಿದರು, ಆದರೆ ಆ ದಿನದ ಹಾಳೆಯನ್ನು ಮುಟ್ಟಲಿಲ್ಲ. ಸ್ಕೋರ್ ಬರೆದವನಾಗಿ ನನಗೆ ಅದು ಸರಿಯೆನಿಸುತ್ತದೆ. ಮೈದಾನದಲ್ಲಿ ಏನು ನಡೆಯಿತೋ ಅದು ಹಾಳೆಯ ಮೇಲಿದೆ, ತಪ್ಪು ತೀರ್ಪನ್ನೂ ಸೇರಿಸಿ. ಓದಬಲ್ಲವರು ಅದನ್ನು ಓದಿ, 28ನೆಯ ಬ್ಯಾಟರನ ಸಾಲು ಏಕಿದೆಯೆಂದು ಕೇಳಿ, ಇಡೀ ಕತೆಯನ್ನು ತಿಳಿದುಕೊಳ್ಳುತ್ತಾರೆ. ಬರೆದಿಟ್ಟ ತಪ್ಪಿಗೆ ಇರುವ ಬಲ ಅದು: ಅದು ತನ್ನ ಸಾಕ್ಷಿಯನ್ನು ತಾನೇ ಹೊತ್ತುಕೊಂಡಿರುತ್ತದೆ. ಬರೆಯದೆ ಬಿಟ್ಟದ್ದಕ್ಕೆ ಆ ಬಲವಿಲ್ಲ. ಆ ಜೂನ್ ಸಂಜೆ ಪಿಟ್ಸ್‌ಬರ್ಗಿನಲ್ಲಿ ನಮ್ಮ ಸುತ್ತಲಿನವರು ಮಾತಾಡಿಕೊಳ್ಳುತ್ತಿದ್ದುದು ಅಂಥದೊಂದು ಲೋಪದ ಬಗ್ಗೆ.

ಕರಿಯ ಆಟಗಾರರನ್ನು ಮೇಜರ್ ಲೀಗುಗಳಿಂದ, ಅಂದರೆ ಅತ್ಯುನ್ನತ ಮಟ್ಟದ ವೃತ್ತಿಪರ ಲೀಗುಗಳಿಂದ, ಹೊರಗಿಡುವ ನಿಯಮ ಆ ಲೀಗುಗಳ ಪುಸ್ತಕದಲ್ಲಿ ಎಂದೂ ಇರಲಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕ್ಯಾಚರ್ ಟೊಲೀಡೊ ತಂಡಕ್ಕೆ ಆಡಿದ್ದರು. ಆಮೇಲೆ ಮಾಲೀಕರ ನಡುವಿನ ಬಾಯಿಮಾತಿನ ಒಪ್ಪಂದ ಬಾಗಿಲು ಮುಚ್ಚಿತು. ಅದನ್ನು 'ಸಭ್ಯರ ಒಪ್ಪಂದ' ಎಂದು ಕರೆದರು. 1942ರಲ್ಲಿ ಆಯುಕ್ತ ಲ್ಯಾಂಡಿಸ್, ಅಂಥ ನಿಷೇಧವೇ ಇಲ್ಲವೆಂದು ಬಹಿರಂಗವಾಗಿ ಹೇಳಿದರು. ಪುಸ್ತಕ ತೆರೆದು ನೋಡಿದರೆ ಅದು ನಿಜವೇ ಆಗಿತ್ತು. ಬರೆಯದೆ ನಡೆಸಿದ ಅನ್ಯಾಯಕ್ಕೆ ಉತ್ತರ ಕೊಡಬೇಕಾದವರು ಯಾರೂ ಇರುವುದಿಲ್ಲ.

ಬಾಗಿಲ ಹೊರಗಿದ್ದವರು ತಮ್ಮದೇ ಲೀಗುಗಳನ್ನು ಕಟ್ಟಿಕೊಂಡರು. 1920ರ ಫೆಬ್ರವರಿಯಲ್ಲಿ ಕಾನ್ಸಾಸ್ ನಗರದಲ್ಲಿ ರೂಬ್ ಫಾಸ್ಟರ್ ಅವರ ನೇತೃತ್ವದಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಹುಟ್ಟಿತು. ಆಗ ರೂಢಿಯಲ್ಲಿದ್ದ ಆ ಹೆಸರೇ ಇಂದಿಗೂ ಚರಿತ್ರೆಯಲ್ಲಿ ಉಳಿದಿದೆ. ಪಿಟ್ಸ್‌ಬರ್ಗ್ ಅದರ ಒಂದು ರಾಜಧಾನಿಯಂತಾಯಿತು: ಊರೊಳಗೆ ಕ್ರಾಫರ್ಡ್ಸ್ ತಂಡ, ಉಕ್ಕಿನ ಕಾರ್ಖಾನೆಗಳ ನೆರೆಯ ಹೋಮ್‌ಸ್ಟೆಡ್‌ನಿಂದ ಗ್ರೇಸ್ ತಂಡ. ಜಾರ್ಜಿಯಾದಲ್ಲಿ 1911ರಲ್ಲಿ ಹುಟ್ಟಿ, ಉಕ್ಕಿನ ಕಾರ್ಖಾನೆಯಲ್ಲಿ ತಂದೆಗೆ ಕೆಲಸ ಸಿಕ್ಕಿದ್ದರಿಂದ ಈ ಊರಿಗೆ ಬಂದ ಜಾಶ್ ಗಿಬ್ಸನ್ ಎಂಬ ಕ್ಯಾಚರ್ ಎರಡೂ ತಂಡಗಳಿಗೆ ಆಡಿದರು. ಅವರ ಹೊಡೆತಗಳ ದೂರದ ಬಗ್ಗೆ ಹೇಳುವ ಕತೆಗಳಿಗೆ ಕೊನೆಯಿಲ್ಲ. ಹಾಲ್ ಆಫ್ ಫೇಮಿನ ಫಲಕದಲ್ಲಿ ಸುಮಾರು 800 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸುಗಳನ್ನು ಸುತ್ತಿ ಬರುವ ರನ್) ಎಂದಿದೆ. ಊರೂರು ಸುತ್ತಿ ಆಡಿದ ಪ್ರದರ್ಶನ ಪಂದ್ಯಗಳೂ ಅದರಲ್ಲಿ ಸೇರಿವೆ. ಅಧಿಕೃತ ಲೀಗ್ ಪಂದ್ಯಗಳಲ್ಲಿ ಪತ್ತೆಯಾದವು 200ಕ್ಕಿಂತ ಕಡಿಮೆ. ಆ ಅಂತರವನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಬರೆದಿಡುವವರು ಇಲ್ಲದ ಕಡೆ ಜನ ನೆನಪಿನಲ್ಲಿ ಲೆಕ್ಕ ಇಟ್ಟುಕೊಂಡಿದ್ದಾರೆ.

1947ರ ಜನವರಿ 20ರಂದು, 35ನೆಯ ವಯಸ್ಸಿನಲ್ಲಿ ಗಿಬ್ಸನ್ ತೀರಿಕೊಂಡರು. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕಿಳಿದು ಆ ಬಾಯಿಮಾತಿನ ಒಪ್ಪಂದವನ್ನು ಮುರಿದರು. ರಾಬಿನ್ಸನ್ ಅವರ 42ನೆಯ ಸಂಖ್ಯೆಯನ್ನು 1997ರಿಂದ ಎಲ್ಲ ತಂಡಗಳೂ ಗೌರವಪೂರ್ವಕವಾಗಿ ನಿವೃತ್ತಗೊಳಿಸಿವೆ. ಪ್ರತಿ ವರ್ಷ ಏಪ್ರಿಲ್ 15ರಂದು ಮಾತ್ರ ಆಡುವ ಪ್ರತಿಯೊಬ್ಬನೂ ಬೆನ್ನ ಮೇಲೆ 42 ಧರಿಸುತ್ತಾನೆ. ಆದರೆ ರಾಬಿನ್ಸನ್ ಅವರಿಗಿಂತ ಮೊದಲು ಆಡಿದವರ ಲೆಕ್ಕ ಹೊರಗೇ ಉಳಿಯಿತು. ಯಾವ ಲೀಗುಗಳನ್ನು 'ಮೇಜರ್' ಎನ್ನಬೇಕೆಂದು 1969ರಲ್ಲಿ ಒಂದು ದಾಖಲೆ ಸಮಿತಿ ನಿರ್ಧರಿಸಿದಾಗ, 1884ರಲ್ಲಿ ಒಂದೇ ಋತು ನಡೆದು ಮುಚ್ಚಿದ ಯೂನಿಯನ್ ಅಸೋಸಿಯೇಷನ್ನಿಗೂ ಜಾಗ ಸಿಕ್ಕಿತು. ನೀಗ್ರೊ ಲೀಗುಗಳಿಗೆ ಸಿಗಲಿಲ್ಲ.

ಇಲ್ಲಿ ಟೆಡ್ ವಿಲಿಯಮ್ಸ್ ಅವರ ಮಾತು ಬರಬೇಕು. ಬೇಸ್‌ಬಾಲಿನಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಪಡೆದವನು ಒಳ್ಳೆಯ ಬ್ಯಾಟರ್. ಅವನ ಸರಾಸರಿ 0.300. ಇಡೀ ಋತುವಿಗೆ 0.400 ಅಂದರೆ ಪವಾಡ. 1941ರ ಕೊನೆಯ ದಿನ ಬೆಳಿಗ್ಗೆ ಬಾಸ್ಟನ್ನಿನ ವಿಲಿಯಮ್ಸ್ ಅವರ ಸರಾಸರಿ 0.39955; ಆಡದೆ ಕುಳಿತರೂ ಅದನ್ನು 0.400 ಎಂದೇ ಬರೆಯುತ್ತಿದ್ದರು. 23 ವರ್ಷದ ವಿಲಿಯಮ್ಸ್ ಕುಳಿತುಕೊಳ್ಳಲು ಒಪ್ಪದೆ ಫಿಲಡೆಲ್ಫಿಯಾದಲ್ಲಿ ಅಂದು ನಡೆದ ಎರಡೂ ಪಂದ್ಯಗಳನ್ನು ಆಡಿ, ಎಂಟಕ್ಕೆ ಆರು ಹಿಟ್ ಹೊಡೆದು 0.406ಕ್ಕೆ ಋತುವನ್ನು ಮುಗಿಸಿದರು. ಮುಂದೆ 80 ವರ್ಷಗಳಿಗೂ ಹೆಚ್ಚು ಕಾಲ, 0.400 ದಾಟಿದ ಕೊನೆಯ ಮನುಷ್ಯ ಅವರೆಂದೇ ಅಮೆರಿಕದ ಮಕ್ಕಳು ಕಲಿತರು. 1966ರ ಜುಲೈಯಲ್ಲಿ ಕೂಪರ್ಸ್‌ಟೌನಿನಲ್ಲಿ ಹಾಲ್ ಆಫ್ ಫೇಮಿಗೆ ಸೇರುವಾಗ ಅವರು ಮಾಡಿದ ಭಾಷಣ ಚಿಕ್ಕದು. ಅದರ ನಡುವೆ, ಯಾರೂ ನಿರೀಕ್ಷಿಸದೆ ಇದ್ದಾಗ, ನೀಗ್ರೊ ಲೀಗುಗಳ ಪಿಚರ್ ಸ್ಯಾಚೆಲ್ ಪೇಜ್ ಮತ್ತು ಜಾಶ್ ಗಿಬ್ಸನ್ ಅವರ ಹೆಸರೆತ್ತಿ, ಅವಕಾಶ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಇಲ್ಲಿಲ್ಲದ ಆ ಮಹಾನ್ ಆಟಗಾರರೂ ಒಂದು ದಿನ ಈ ಸಂಸ್ಥೆಗೆ ಸೇರಲೆಂದು ಹಾರೈಸಿದರು. 1971ರಲ್ಲಿ ಪೇಜ್, 1972ರಲ್ಲಿ ಗಿಬ್ಸನ್ ಅಲ್ಲಿಗೆ ಸೇರಿದರು.

ಅಂಕಿಗಳು ಸೇರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಸಂಶೋಧಕರು ಮೈಕ್ರೊಫಿಲ್ಮುಗಳಲ್ಲಿ ಕಣ್ಣಿಟ್ಟು, ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್ ಮುಂತಾದ ಕರಿಯರ ವಾರಪತ್ರಿಕೆಗಳ ಹಳೆಯ ಸಂಚಿಕೆಗಳಿಂದ ಒಂದೊಂದೇ ಪಂದ್ಯದ ಸ್ಕೋರ್ ಪಟ್ಟಿಯನ್ನು ಹೆಕ್ಕಿ ತೆಗೆದರು. ಚಾಡ್ವಿಕ್ ರೂಪಿಸಿದ ಅದೇ ಪಟ್ಟಿಗಳು. ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಅವು ಇಲ್ಲದಿದ್ದರೆ ಯಾವ ಒಳ್ಳೆಯ ಮನಸ್ಸೂ ಏನನ್ನೂ ಮಾಡುವಂತಿರಲಿಲ್ಲ. 1920ರಿಂದ 1948ರ ವರೆಗಿನ ಏಳು ಲೀಗುಗಳನ್ನು ಮೇಜರ್ ಲೀಗುಗಳೆಂದು 2020ರ ಡಿಸೆಂಬರಿನಲ್ಲಿ ಒಪ್ಪಲಾಯಿತು. 2024ರ ಮೇ 29ರಂದು 2,300ಕ್ಕೂ ಹೆಚ್ಚು ಆಟಗಾರರ ಲೆಕ್ಕ ಅಧಿಕೃತ ದಾಖಲೆಗೆ ಸೇರಿತು. ದೊರೆತದ್ದು ಸುಮಾರು ಮುಕ್ಕಾಲು ಭಾಗ. ಹುಡುಕಾಟ ಇನ್ನೂ ನಡೆದಿದೆ. ಅಂದು ಜಾಶ್ ಗಿಬ್ಸನ್ ಅವರ ಜೀವಮಾನದ ಸರಾಸರಿ 0.372 ಆಗಿ, ಸುಮಾರು ನೂರು ವರ್ಷ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್ ಅವರ 0.367ನ್ನು ಹಿಂದಿಕ್ಕಿತು. 1943ರ ಋತುವಿನಲ್ಲಿ ಅವರು ಹೊಡೆದ 0.466 ಒಂದು ಋತುವಿನ ಅತಿ ಹೆಚ್ಚಿನ ಸರಾಸರಿಯಾಯಿತು. 1943 ಎಂದರೆ 1941ರ ನಂತರ. 'ಕೊನೆಯವನು' ಎಂಬ ವಿಲಿಯಮ್ಸ್ ಅವರ ಪಟ್ಟವನ್ನು ತೆಗೆದವರಲ್ಲಿ, ಅವರೇ ಹೆಸರೆತ್ತಿ ಕೂಗಿ ಕರೆದಿದ್ದ ಮನುಷ್ಯನೂ ಒಬ್ಬ. ಆ ಋತುಗಳು ಚಿಕ್ಕವು, ಹೋಲಿಕೆ ಸರಿಯಲ್ಲ ಎಂದು ವಾದಿಸುವವರಿದ್ದಾರೆ. ಕೋವಿಡ್ ವರ್ಷವಾದ 2020ರಲ್ಲಿ ಮೇಜರ್ ಲೀಗಿನ ತಂಡಗಳು ಆಡಿದ್ದೂ 60 ಪಂದ್ಯಗಳನ್ನೇ, ಅದರ ಲೆಕ್ಕವನ್ನು ಯಾರೂ ಅಳಿಸಿಲ್ಲ ಎಂಬ ಉತ್ತರ ನನಗೆ ಸಾಕು.

ಪಕ್ಕದ ಹಿರಿಯರು ಇದನ್ನೆಲ್ಲ ಹೇಳುವಾಗ ಪೆನ್ಸಿಲ್ ಕೆಳಗಿಡಲಿಲ್ಲ. ತಾವು ಬರೆದ ಮೊದಲ ಹಾಳೆಯ ಬಗ್ಗೆಯೂ ಹೇಳಿದರು. 1960ರ ಅಕ್ಟೋಬರ್ 13, ಋತುವಿನ ಚಾಂಪಿಯನ್ನರನ್ನು ನಿರ್ಧರಿಸುವ ವಿಶ್ವ ಸರಣಿಯ ಏಳನೆಯ ಪಂದ್ಯ. ಹುಡುಗನಾಗಿದ್ದ ಅವರು ಮನೆಯಲ್ಲಿ ರೇಡಿಯೊ ಮುಂದೆ ಕುಳಿತು ಬರೆದದ್ದು. ಆ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಒಟ್ಟು 55 ರನ್ ಹೊಡೆದರೆ ಪೈರೇಟ್ಸ್ ಹೊಡೆದದ್ದು 27. ಆದರೂ ಕೊನೆಯ ಇನ್ನಿಂಗ್ಸಿನಲ್ಲಿ ಬಿಲ್ ಮಜೆರೊಸ್ಕಿ ಬಾರಿಸಿದ ಹೋಮ್ ರನ್ನಿನಿಂದ ಪಿಟ್ಸ್‌ಬರ್ಗ್ 10-9ರಲ್ಲಿ ಗೆದ್ದಿತು. ಆ ಹಾಳೆ ಈಗಲೂ ಮನೆಯಲ್ಲಿದೆಯೆಂದು ಹೇಳಿ, ಅದರಲ್ಲೊಂದು ವಿಶೇಷವಿದೆ, ಏನೆಂದು ಊಹಿಸಿ ಎಂದರು. ನನಗೆ ಹೊಳೆಯಲಿಲ್ಲ. ಎರಡೂ ತಂಡಗಳ ಸಾಲುಗಳನ್ನು ಹುಡುಕಿದರೂ ಅದರಲ್ಲಿ ಒಂದೇ ಒಂದು 'ಕೆ' ಸಿಗುವುದಿಲ್ಲ. ಸ್ಟ್ರೈಕ್‌ಔಟ್ ಇಲ್ಲದ ವಿಶ್ವ ಸರಣಿಯ ಪಂದ್ಯ ಅದೊಂದೇ. ಹನ್ನೊಂದು ವರ್ಷದ ಹುಡುಗನ ಅಕ್ಷರಗಳಲ್ಲಿ ಆ ಇಲ್ಲದ ಅಕ್ಷರವನ್ನು ನಾನು ಬಹಳ ಹೊತ್ತು ಕಲ್ಪಿಸಿಕೊಳ್ಳುತ್ತಿದ್ದೆ.

ಪಿಎನ್‌ಸಿ ಪಾರ್ಕಿನ ಬಲ ಮೈದಾನದ ಗೋಡೆಯ ಎತ್ತರ 21 ಅಡಿ. ಪೈರೇಟ್ಸ್ ತಂಡದ ರೊಬರ್ಟೊ ಕ್ಲೆಮೆಂಟೆ ಧರಿಸುತ್ತಿದ್ದ ಸಂಖ್ಯೆ 21. ಪೋರ್ಟೊ ರಿಕೊದ ಕ್ಲೆಮೆಂಟೆ 1972ರ ಋತುವಿನ ಕೊನೆಯಲ್ಲಿ ತಮ್ಮ 3,000ನೆಯ ಹಿಟ್ ಪಡೆದು, ಆ ವರ್ಷದ ಕೊನೆಯ ದಿನ, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಅವರ ಲೆಕ್ಕ ಸರಿಯಾಗಿ 3,000ಕ್ಕೇ ನಿಂತಿದೆ. ಹೊರಗಿನ ಹಳದಿ ಸೇತುವೆಗೂ ಅವರದೇ ಹೆಸರು. ಅಣ್ಣನ ಮಗಳಿಗೆ ಆ ಸೇತುವೆಯನ್ನು ತೋರಿಸುತ್ತ ಈ ಕತೆ ಹೇಳುವಷ್ಟರಲ್ಲಿ ಮೈದಾನದಲ್ಲಿ ಒಬ್ಬ ಔಟಾಗಿ ಹೋಗಿದ್ದ. ಹೇಗೆಂದು ನಾನು ನೋಡಿರಲಿಲ್ಲ. ಚೌಕ ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತಿದ್ದ ನನ್ನ ಕೈಯನ್ನು ಹಿರಿಯರು ತಡೆದು, ಇಂಗ್ಲಿಷಿನ 'ಡಬ್ಲ್ಯು' ಅಕ್ಷರವನ್ನು ಎರಡು ಸಲ ಬರೆಯಲು ಹೇಳಿದರು. 'ನೋಡುತ್ತಿರಲಿಲ್ಲ' ಎಂಬುದಕ್ಕೆ ಯಾಂಕೀಸ್ ತಂಡದ ಹಳೆಯ ವೀಕ್ಷಕ ವಿವರಣೆಕಾರ ಫಿಲ್ ರಿಜೂಟೊ ಬಳಸುತ್ತಿದ್ದ ಗುರುತು ಅದು. ಖಾಲಿ ಬಿಟ್ಟರೆ ಅಲ್ಲಿ ಏನೂ ನಡೆಯಲಿಲ್ಲವೆಂದಾಗುತ್ತದೆ, ನಡೆದದ್ದನ್ನು ನೀವು ನೋಡಲಿಲ್ಲವೆಂದು ಬರೆಯಿರಿ ಎಂದರು.

ಮರುದಿನ ಲಾರೆನ್ಸ್‌ವಿಲ್ ಬಡಾವಣೆಯ ಅಲಿಗೇನಿ ಸ್ಮಶಾನಕ್ಕೆ ಹೋದೆವು. ಗಿಬ್ಸನ್ ಅವರ ಸಮಾಧಿಗೆ 1975ರ ತನಕ ಗುರುತಿನ ಕಲ್ಲೇ ಇರಲಿಲ್ಲ. ಈಗ ಇರುವುದು ನೆಲಕ್ಕೆ ಸಮನಾಗಿ ಕೂರಿಸಿದ ಒಂದು ಸಣ್ಣ ಫಲಕ: ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ದಂತಕಥೆಯಾದ ಬೇಸ್‌ಬಾಲ್ ಆಟಗಾರ ಎಂಬ ಒಂದು ಸಾಲು. ಯಾರೋ ಅದರ ಮೇಲೊಂದು ಚೆಂಡು ಇಟ್ಟು ಹೋಗಿದ್ದರು. ಮಳೆ ಬಿಸಿಲಿಗೆ ಚರ್ಮ ಕಂದಿದ್ದರೂ ಹೊಲಿಗೆಯ ಕೆಂಪು ದಾರ ಗಟ್ಟಿಯಾಗಿಯೇ ಇತ್ತು. "ಚಿಕ್ಕಪ್ಪ, ಎಷ್ಟು ಹೊಡೆದರು ಅಂತ ಇಲ್ಲಿ ಬರೆದೇ ಇಲ್ಲವಲ್ಲ" ಎಂದಳು ಅವಳು. ಹಿಂದಿನ ಸಂಜೆಯ ಹಾಳೆ ಚೀಲದಲ್ಲಿತ್ತು, ಪೆನ್ಸಿಲ್ಲೂ ಇತ್ತು. ಹಾಳೆಯ ಹಿಂಬದಿಯಲ್ಲಿ ಹೆಸರು ಬರೆದು, ಅದರ ಮುಂದೆ 0.372 ಎಂದು ಬರೆದುಕೊಂಡೆ.